ಎಡಕ್ಕೆ ಬೀಳುಬಿಟ್ಟ ಪರದೆ

ಉಪ್ಪಿನ ಡಬ್ಬಿಗೆ ಕಾಲಿಲ್ಲವೆಂಬುದು ಸರ್ವವಿದಿತ. ಆದರೂ ನವನಗರದ ನಮ್ಮ ಅಡುಗೆಮನೆಯಲ್ಲಿ ಅದು ದಿನಕ್ಕೊಮ್ಮೆ ಸಂಚಾರ ಹೊರಡುತ್ತದೆ. ಬೆಳಿಗ್ಗೆ ನಾನು ಅದನ್ನು ಕಿಟಕಿಯ ದಂಡೆಯಿಂದ ಎತ್ತಿ, ಕಪಾಟಿನ ಮೇಲಿನ ಹಲಗೆಯಲ್ಲಿ ಸಕ್ಕರೆಗೂ ಚಹಾಪುಡಿಗೂ ನಡುವೆ, ಮೂರೂ ಡಬ್ಬಿಗಳ ಮುಖ ಒಂದೇ ದಿಕ್ಕಿಗೆ ಬರುವಂತೆ ಪ್ರತಿಷ್ಠಾಪಿಸಿ ಕಾಲೇಜಿಗೆ ಹೋಗುತ್ತೇನೆ. ಸಂಜೆ ಬಂದು ನೋಡಿದರೆ ಅದು ಮತ್ತೆ ದಂಡೆಯ ಮೇಲೆ ಹಾಯಾಗಿ ಗಾಳಿ ಸೇವಿಸುತ್ತಾ ಕುಳಿತಿರುತ್ತದೆ. ಆ ಕಪಾಟನ್ನು ಬಡಗಿಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ನಿಂತು, ಅವನಿಗೆ ಬೇಸರ ಬರುವಷ್ಟು ಸಲಹೆ ಕೊಟ್ಟು ಮಾಡಿಸಿದವನು ನಾನು. ನನ್ನ ಹೆಂಡತಿ ಗಿರಿಜಾ ಈ ವಿಷಯದಲ್ಲಿ ವಾದಕ್ಕೆ ಇಳಿಯುವವಳಲ್ಲ. ಡಬ್ಬಿಯನ್ನು ಸುಮ್ಮನೆ ಕೆಳಗೆ ತರುತ್ತಾಳೆ, ಅಷ್ಟೇ. ಈ ಮೌನಯುದ್ಧಕ್ಕೆ ಹನ್ನೊಂದು ವರ್ಷ ತುಂಬಿದೆ.

ಒಪ್ಪ ಓರಣದ ಈ ಚಪಲ ನನ್ನ ಉದ್ಯೋಗದಿಂದ ಬಂದಿತೋ, ಚಪಲವಿದ್ದುದರಿಂದ ಉದ್ಯೋಗ ಸಿಕ್ಕಿತೋ ಹೇಳಲಾರೆ. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಗಣಕ ಪ್ರಯೋಗಾಲಯದ ಉಸ್ತುವಾರಿ ನನ್ನದು. ಅಲ್ಲಿ ಮೂವತ್ತು ಮೇಜುಗಳು. ಪ್ರತಿ ಮೇಜಿನ ಮೇಲೆ ಒಂದು ಪರದೆ, ಒಂದು ಕೀಬೋರ್ಡು, ಒಂದು ಮೌಸು. ಇವನ್ನು ಟರ್ಮಿನಲ್ ಎನ್ನುತ್ತೇವೆ. ಇವುಗಳಿಗೆ ಸ್ವಂತ ಬುದ್ಧಿ ಕಡಿಮೆ. ಬುದ್ಧಿಯೆಲ್ಲ ಪಕ್ಕದ ತಂಪು ಕೋಣೆಯಲ್ಲಿರುವ ಯುನಿಕ್ಸ್ ಸರ್ವರ್ ಎಂಬ ದೊಡ್ಡ ಗಣಕದಲ್ಲಿದೆ. ಇದರ ಸೊಗಸೇನೆಂದರೆ, ನೀವು ಯಾವ ಮೇಜಿಗೆ ಹೋಗಿ ಕುಳಿತು ನಿಮ್ಮ ಹೆಸರು, ಪಾಸ್‌ವರ್ಡ್ ಒತ್ತಿದರೂ ನಿಮ್ಮ ಪರದೆ, ನಿಮ್ಮ ಬಣ್ಣ, ನಿಮ್ಮ ಕಡತಗಳು ಇಟ್ಟಲ್ಲಿ ಇಟ್ಟಂತೆಯೇ ಎದುರು ಬಂದು ನಿಲ್ಲುತ್ತವೆ. ಹಳೇ ಬಾಗಲಕೋಟೆಯನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟು ಲಾರಿಯಲ್ಲಿ ಪಾತ್ರೆಪಗಡ ಹೇರಿಕೊಂಡು ನವನಗರಕ್ಕೆ ಬಂದವರ ಮಗ ನಾನು. ಹೊಸ ಮನೆಯಲ್ಲಿ ನನ್ನ ಅವ್ವ ವರ್ಷಗಟ್ಟಲೆ ಹಿತ್ತಲಿಗೆಂದು ಹೊರಟು ಗೋಡೆಯ ಮುಂದೆ ನಿಂತದ್ದನ್ನು ಕಂಡಿದ್ದೇನೆ. ಹೆಸರು ಹೇಳಿದೊಡನೆ ಹಳೆಯ ಮನೆಯೇ ಹಿತ್ತಲ ಸಮೇತ ಬಂದು ನಿಲ್ಲುವ ಸೌಕರ್ಯ ಅವ್ವನಿಗೂ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಪರದೆಯ ಮೇಲೆ ತೆರೆದ ಚೌಕಗಳಲ್ಲಿ ಯಾವುದು ಎಲ್ಲಿ ಕೂರಬೇಕು, ಯಾವುದು ಮುಂದೆ, ಯಾವುದು ಹಿಂದೆ ಎಂದು ನಿರ್ಧರಿಸುವ ಒಂದು ಪ್ರೋಗ್ರಾಮು ಉಂಟು. ಅದಕ್ಕೆ ವಿಂಡೋ ಮ್ಯಾನೇಜರ್ ಎಂದು ಹೆಸರು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರನನ್ನು ನೆನೆಸಿಕೊಳ್ಳಿ, ಅರ್ಥವಾಗುತ್ತದೆ. ಇವರಲ್ಲಿ ಎರಡು ಬಗೆ. ಒಬ್ಬ, ಪ್ರಯಾಣಿಕರು ಎಲ್ಲಿ ಬೇಕಾದರೂ ಕೂರಲಿ, ಮೂರು ಸೀಟಿಗೆ ಒಬ್ಬನೇ ಅಡ್ಡಾದರೂ ಆಗಲಿ ಎಂದು ಬಿಡುವ ಸಾಧು. ಇನ್ನೊಬ್ಬ, 'ಒಳಗ ಸರೀರಿ, ಇನ್ನೂ ಸರೀರಿ' ಎನ್ನುತ್ತಾ ಒಂದಂಗುಲವೂ ಖಾಲಿ ಉಳಿಯದಂತೆ ಎಲ್ಲರನ್ನೂ ಹೊಂದಿಸುವ ಶಿಸ್ತುಗಾರ. ನಾನು ಈ ಎರಡನೆಯವನ ಪರಮಭಕ್ತ.

ಭಕ್ತಿಗೆ ಮಿತಿ ಇರಬೇಕು, ನನಗಿರಲಿಲ್ಲ. ಕಳೆದ ಬೇಸಿಗೆ ರಜೆಯನ್ನು ನಾನು ಪೂರ್ತಿಯಾಗಿ ವಿಂಡೋ ಮ್ಯಾನೇಜರಿನ ಅಲಂಕಾರಕ್ಕೆ ಅರ್ಪಿಸಿದೆ. ಅದರ ನಡವಳಿಕೆಯನ್ನೆಲ್ಲ ಬರೆದಿಡುವ ಒಂದು ಫೈಲಿದೆ. ಅದನ್ನು ತಿದ್ದುವುದು, ಪರದೆ ನೋಡುವುದು, ಮತ್ತೆ ತಿದ್ದುವುದು. ಹಿನ್ನೆಲೆಗೆ ಬಾದಾಮಿಯ ಬಂಡೆಯ ಬಣ್ಣವೇ ಬೇಕೆಂದು ಹಟ ಹಿಡಿದು, ಬಸ್ಸು ಹತ್ತಿ ಬಾದಾಮಿಗೆ ಹೋಗಿ, ಬೆಳಗಿನ ಬಂಡೆಗೂ ಸಂಜೆಯ ಬಂಡೆಗೂ ಬಣ್ಣ ಬೇರೆಯೆಂದು ಕಂಡು, ಎರಡನ್ನೂ ಬಿಡಲಾರದೆ ಒದ್ದಾಡಿದೆ. ಚೌಕಗಳ ಅಂಚಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಬೇಕೆಂದು ಗಿರಿಜಾಳ ಸೀರೆಯನ್ನೇ ಪರದೆಯ ಪಕ್ಕಕ್ಕೆ ಹಿಡಿದು ಹೋಲಿಸಿದೆ. "ತಿಂಗಳಾತು, ಏನ್ ಮಾಡಿದ್ರಿ ಅಷ್ಟು ಕುಂತು?" ಎಂದು ಅವಳು ಕೇಳಿದಾಗ, ಅಂಚನ್ನು ಒಂದು ಕೂದಲೆಳೆಯಷ್ಟು ತೆಳ್ಳಗೆ ಮಾಡಿದ್ದನ್ನು ಸಂಭ್ರಮದಿಂದ ತೋರಿಸಿದೆ. ಅವಳು ನೋಡಿದಳು, ನನ್ನನ್ನೂ ಒಮ್ಮೆ ನೋಡಿದಳು, ಸೀರೆ ಮಡಚಿಕೊಂಡು ಒಳಗೆ ಹೋದಳು.

ಇನ್ನು ರಶೀದಾ ಮೇಡಂ. ಕಮತಗಿಯಿಂದ ದಿನವೂ ಬಸ್ಸಿನಲ್ಲಿ ಬಂದು ನಮ್ಮ ಪ್ರಯೋಗಾಲಯದಲ್ಲಿ ಪಾಠ ಮಾಡುವ ಹಿರಿಯರು. ಮಕ್ಕಳಿಗೆ ಅವರೆಂದರೆ ಜೀವ. ಆದರೆ ಅವರ ಪರದೆ ನನ್ನ ಕಣ್ಣಿಗೆ ಮುಳ್ಳು. ಎಲ್ಲ ಚೌಕಗಳೂ ಬಲಗಡೆಗೆ ಒಂದರ ಮೇಲೊಂದು ಮುರಕೊಂಡು ಬಿದ್ದಿವೆ, ಅಕ್ಷರಗಳೋ ಕಡಲೆಕಾಳಿನ ಗಾತ್ರ. ಎಡಗಡೆಯ ಅರ್ಧ ಪರದೆ ಬಟ್ಟಬಯಲು. "ಮೇಡಂ, ಎಡಕ್ಕ ಯಾಕ್ರಿ ಹೊಲ ಬೀಳುಬಿಟ್ಟೀರಿ?" ಎಂದು ನಾನು ಛೇಡಿಸುತ್ತಿದ್ದೆ. "ಇರ್ಲಿ ಬಿಡ್ರಿ ಸರ, ಮಳಿ ಆದ ಮ್ಯಾಲೆ ಬಿತ್ತಿದರಾತು" ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗು ಅಲ್ಲಿಗೇ ನಿಂತಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ರಜೆ ಮುಗಿದು ಕಾಲೇಜು ತೆರೆಯುವ ಹಿಂದಿನ ದಿನ ನನಗೆ ಲೋಕಕಲ್ಯಾಣದ ಯೋಚನೆ ಬಂತು. ಇಷ್ಟು ಚಂದದ ಫೈಲನ್ನು ನಾನೊಬ್ಬನೇ ಅನುಭವಿಸುವುದು ಸ್ವಾರ್ಥವಲ್ಲವೇ? ಸರ್ವರಿನ ಮುಂದೆ ಕುಳಿತು ಒಂದೇ ಸಾಲಿನ ಆಜ್ಞೆ ಕೊಟ್ಟೆ. ನನ್ನ ಫೈಲು ಪ್ರಯೋಗಾಲಯದ ಎಲ್ಲರ ಫೈಲಿನ ಮೇಲೂ ಹೋಗಿ ಕುಳಿತಿತು. ಅವರವರು ಅಲ್ಲಿಯವರೆಗೆ ಮಾಡಿಕೊಂಡಿದ್ದ ಏರ್ಪಾಡೆಲ್ಲ ಅಳಿಸಿಹೋಯಿತು. ಮರುದಿನ ಮೂವತ್ತು ಪರದೆಗಳೂ ಬಾದಾಮಿಯ ಬಂಡೆಯಂತೆ ಹೊಳೆದವು. ಮಕ್ಕಳು ಗೊಣಗಿದರು. ಇಬ್ಬರು ಸಹೋದ್ಯೋಗಿಗಳಿಗೆ ಬದಲಾವಣೆಯಾದದ್ದೇ ತಿಳಿಯಲಿಲ್ಲ, ಅದು ನನಗೆ ತುಸು ನೋವು ಕೊಟ್ಟಿತು. ರಶೀದಾ ಮೇಡಂ ಮಾತ್ರ ಪರದೆಯ ಮುಂದೆ ಕತ್ತನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಮತ್ತೆ ಬಲಕ್ಕೆ ತಿರುಗಿಸಿ ಓದುತ್ತಿದ್ದರು. ಮೂರನೆಯ ದಿನ ಪಾಠದ ನಡುವೆ ಎಡಮೂಲೆಯಲ್ಲಿ ಮೂಡಿದ 'ಅಳಿಸಲೇ?' ಎಂಬ ಎಚ್ಚರಿಕೆಯ ಸಾಲು ಅವರಿಗೆ ಕಾಣಲಿಲ್ಲ, ಗುಂಡಿ ಒತ್ತಿಬಿಟ್ಟರು. ಮಕ್ಕಳ ಮೂರು ದಿನದ ಅಭ್ಯಾಸ ಅಳಿಸಿಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಧ್ಯಾಹ್ನ ಮೇಡಂ ನನ್ನ ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು: ಇನ್ನು ಪಾಠ ಬೇಡ, ನನ್ನನ್ನು ಗ್ರಂಥಾಲಯಕ್ಕೆ ಹಾಕಿರಿ.

ನಾನು ಗಾಬರಿಯಾದೆ. ಏನಾಯಿತೆಂದು ಕೇಳಿದರೆ ಅವರು ಬಾಗಿಲ ಕಡೆಗೊಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: "ಸರ, ನನ್ನ ಎಡಗಣ್ಣು ಕಾಣೂದಿಲ್ರಿ. ಆರು ವರ್ಷಾತು. ದವಾಖಾನಿಗೆಲ್ಲ ಅಡ್ಡಾಡಿ ಬಿಟ್ಟೇನಿ. ಅರ್ಧ ಕಾಣದಾಕಿ ಕಂಪ್ಯೂಟರ್ ಏನ್ ಕಲಸ್ತಾಳ ಅಂತಾರಂತ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಎಲ್ಲಾ ಬಲಕ್ಕ ಇಟ್ಕೊಂಡು ಹೆಂಗೋ ನಡಿಸಿದ್ದೆ." ಬೀಳುಬಿಟ್ಟ ಹೊಲವೆಂದು ಆರು ವರ್ಷ ನಾನು ನಕ್ಕದ್ದೆಲ್ಲ ಒಮ್ಮೆಲೇ ನೆನಪಾಗಿ ನಾಚಿಕೆಯಿಂದ ಭೂಮಿಗಿಳಿದುಹೋದೆ.

ಹಳೆಯ ಫೈಲನ್ನು ಹಿಂದಕ್ಕೆ ತರೋಣವೆಂದು ಬ್ಯಾಕಪ್ ಇಟ್ಟಿದ್ದ ಡಿಸ್ಕಿಗೆ ಓಡಿದೆ. ಓದುಗರೇ, ಎಲ್ಲದಕ್ಕೂ ಒಂದು ನಕಲು ಇಟ್ಟುಕೊಳ್ಳಿರಿ ಎಂದು ಪ್ರತಿವರ್ಷ ಮೊದಲ ಪಾಠದಲ್ಲೇ ಬೋಧಿಸುವವನು ನಾನು. ಆ ಡಿಸ್ಕು ತುಂಬಿ, ನಕಲು ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಅದರಲ್ಲಿ ಮೇಡಂ ಅವರ ಫೈಲಿನ ಸುಳಿವೂ ಇರಲಿಲ್ಲ. ತುಂಬಿದೆ ಎಂಬ ಎಚ್ಚರಿಕೆ ನನ್ನ ಪರದೆಯಲ್ಲಿ ದಿನವೂ ಬರುತ್ತಿತ್ತು, ಆದರೆ ಅದು ಪರದೆಯ ಅಂದಕ್ಕೆ ಹೊಂದುವುದಿಲ್ಲವೆಂದು ನಾನೇ ಅದನ್ನು ಎಂದೋ ಮರೆಮಾಡಿದ್ದೆ. ಎರಡು ಕಣ್ಣಿದ್ದವನ ಕಥೆ ಇದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಉಳಿದದ್ದು ಒಂದೇ ದಾರಿ. ಮಾಡಿದ್ದುಣ್ಣೋ ಮಹಾರಾಯ ಎಂದು ಕುರ್ಚಿ ಎಳೆದುಕೊಂಡು ಮೇಡಂ ಅವರ ಬಲಕ್ಕೆ ಕುಳಿತೆ. ಯಾವುದು ಎಲ್ಲಿತ್ತು ಹೇಳಿರೆಂದರೆ ಅವರು ತಬ್ಬಿಬ್ಬಾದರು. "ನನಗ ಗೊತ್ತಿಲ್ರಿ ಸರ, ಕೈಗೆ ಗೊತ್ತೈತಿ." ಸರಿ, ಕೈಯನ್ನೇ ಕೇಳೋಣವೆಂದು ಪರದೆಯನ್ನು ಪೂರ್ತಿ ಖಾಲಿ ಮಾಡಿ, ದಿನದಂತೆ ಕೆಲಸ ಮಾಡಿರಿ ಎಂದೆ. ಮೌಸು ಹಿಡಿದ ಅವರ ಕೈ ಎಲ್ಲಿಗೆ ತಾನಾಗಿ ಹೋಗಿ ತಡಕಾಡಿತೋ ಅಲ್ಲಿಗೆ ಆ ಚೌಕವನ್ನು ತಂದು ಕೂರಿಸಿದೆ. ಅಕ್ಷರಗಳನ್ನು ಕಡಲೆಕಾಳಿನಷ್ಟು ಹಿಗ್ಗಿಸಿದೆ. ಎಚ್ಚರಿಕೆಯ ಸಾಲುಗಳೆಲ್ಲ ಬಲಮೂಲೆಯಲ್ಲಿ ಹಳದಿ ಪಟ್ಟಿಯಾಗಿ ಬರುವಂತೆ ಮಾಡಿದೆ. ಈ ಹಳದಿ ಪಟ್ಟಿ ಅವರ ಹಳೆಯ ಏರ್ಪಾಡಿನಲ್ಲಿಯೂ ಇರಲಿಲ್ಲ. ನನ್ನ ಶಿಸ್ತಿನ ಕಂಡಕ್ಟರ್ ಎಡಗಡೆ ಖಾಲಿ ಬಿಡಲೊಲ್ಲೆನೆಂದು ಎರಡು ಮಧ್ಯಾಹ್ನ ಕಾದಾಡಿದ. ಕೊನೆಗೆ ಅವನನ್ನು ಕೆಲಸದಿಂದಲೇ ತೆಗೆದು, ಆ ಇನ್ನೊಬ್ಬ ಸಾಧುವನ್ನು ಕೈಮುಗಿದು ಕರೆತಂದೆ.

ಎರಡನೆಯ ದಿನ ಸಂಜೆ ಪರೀಕ್ಷೆಗೆಂದು ಮೇಡಂ ಕೋಣೆಯ ಆ ತುದಿಯ ಇಪ್ಪತ್ತೇಳನೆಯ ಟರ್ಮಿನಲ್ಲಿಗೆ ಹೋಗಿ ಹೆಸರು ಒತ್ತಿದರು. ಚೌಕಗಳು ಒಂದೊಂದಾಗಿ ಬಂದು ಬಲಕ್ಕೆ ಒತ್ತಿ ಕುಳಿತವು. ಎಡಗಡೆ ಹೊಲ ಬೀಳೇ ಉಳಿಯಿತು. "ಬಂತಲ್ರಿ ಸರ, ನನ್ನ ಮನಿ ಬಂತು!" ಎಂದು ಅವರು ಚಪ್ಪಾಳೆ ತಟ್ಟಿದರು. ನನಗೆ ಆದ ಖುಷಿ ಬೇಸಿಗೆಯ ಇಡೀ ರಜೆಯಲ್ಲಿ ಆಗಿರಲಿಲ್ಲ. ಕ್ಯಾಂಟೀನಿನಿಂದ ಚುರುಮುರಿ, ಮಿರ್ಚಿ ಭಜಿ ತರಿಸಿದೆ. ತಟ್ಟೆ ಸಾಲದೆ ಬಂದಾಗ ಮೇಡಂ ತಮ್ಮ ಅರ್ಜಿಯನ್ನೇ ಮೇಜಿನ ಮೇಲೆ ಹಾಸಿ, ಅದರ ಮೇಲೆ ಮಿರ್ಚಿ ಸುರಿದರು. ಎಣ್ಣೆಯಲ್ಲಿ ಗ್ರಂಥಾಲಯ ಕರಗಿಹೋಯಿತು. ಮರುದಿನ ಪಾಠದ ಮೊದಲಿಗೆ ಅವರೇ ಮಕ್ಕಳಿಗೆ, "ನನಗ ಎಡಗಣ್ಣು ಕಾಣೂದಿಲ್ಲ. ಏನರ ಕೇಳೂದಿದ್ರ ಬಲಕ್ಕ ಬಂದು ನಿಂದರ್ರಿ" ಎಂದರು. ಯಾರೂ ಕಿಸಕ್ಕೆನ್ನಲಿಲ್ಲ. ಇದನ್ನೆಲ್ಲ ಬರೆಯಲು ಅವರ ಅಪ್ಪಣೆಯಿದೆ. ಬದನೆಕಾಯಿಯ ಗಾದೆಯನ್ನು ಮಾತ್ರ ಬಿಡಬಾರದೆಂಬ ಷರತ್ತಿನ ಮೇಲೆ.

ಅಂದು ಮನೆಗೆ ಬಂದಾಗ ಉಪ್ಪಿನ ಡಬ್ಬಿ ಎಂದಿನಂತೆ ಕಿಟಕಿಯ ದಂಡೆಯ ಮೇಲಿತ್ತು. ಅಭ್ಯಾಸಬಲದಿಂದ ಕೈ ಅದನ್ನೆತ್ತಿತು, ಆದರೆ ಕಪಾಟಿನವರೆಗೆ ಹೋಗಲಿಲ್ಲ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಗಿರಿಜಾಳನ್ನು ಕೇಳಿದೆ, ಇದನ್ನು ಯಾಕೆ ಇಲ್ಲೇ ಇಡುತ್ತೀ ಎಂದು. ಅವಳು ಒಲೆಯಿಂದ ಮುಖ ತಿರುಗಿಸಲೂ ಇಲ್ಲ.

"ಕಪಾಟ ನಿಮ್ಮ ಎತ್ತರಕ್ಕ ಹೊಡಿಸೀರಿ. ನಾ ಏನ್ ಏಣಿ ಹಚ್ಚಿ ಸಾರಿಗೆ ಉಪ್ಪು ಹಾಕ್ಲೇನು?"

ನಾನು ಕಪಾಟನ್ನು ನೋಡಿದೆ, ನನ್ನ ಭುಜದಷ್ಟೇ ಎತ್ತರವಿರುವ ಗಿರಿಜಾಳನ್ನು ನೋಡಿದೆ. ಅಳತೆಪಟ್ಟಿ ಹಿಡಿದು ನಿಂತಿದ್ದ ದಿನ ಎಲ್ಲವನ್ನೂ ಅಳೆದಿದ್ದೆ, ಅವಳೊಬ್ಬಳನ್ನು ಬಿಟ್ಟು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು, ಸಾರು ಉಕ್ಕಿ ಒಲೆಯ ಮೇಲೆ ಹರಿಯುವವರೆಗೆ. ಈಗ ಸಕ್ಕರೆ ಮತ್ತು ಚಹಾಪುಡಿ ಕೂಡ ಕಿಟಕಿಯ ದಂಡೆಗೆ ಇಳಿದು ಬಂದಿವೆ, ಮೂರರ ಮುಖ ಮೂರು ದಿಕ್ಕಿಗಿದೆ. ಉಪ್ಪು ಬೇಕಾದಾಗ ನಾನೇ ಸ್ವಲ್ಪ ಬಗ್ಗುತ್ತೇನೆ.