ಬೋರ್ಡಿಗೆ ಮೀನಿನ ಹೆಸರಿಟ್ಟವರು

ಸುಟ್ಟುಹೋದ ಸರ್ಕ್ಯೂಟ್ ಬೋರ್ಡನ್ನು ಅವರು ಮೊದಲು ಮೂಸಿ ನೋಡುತ್ತಿದ್ದರು. ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚಿ, ಆ ದಪ್ಪ ಮೂಗಿನ ಹೊಳ್ಳೆ ಅರಳಿಸಿ ಒಂದು ಸಲ ಎಳೆದರೆ ಸಾಕು, "ಕೆಪಾಸಿಟರ್ ಅಲ್ಲ, ರಿಲೇ ಹೋಗಿದೆ" ಎನ್ನುತ್ತಿದ್ದರು. ಮೀಟರ್ ಹಿಡಿದು ಅರ್ಧ ಗಂಟೆ ತಿಣುಕಿದ ಮೇಲೆ ನಮಗೂ ಅದೇ ಉತ್ತರ ಸಿಗುತ್ತಿತ್ತು. ಉಡುಪಿ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ಮಸ್ಕತ್ ಹತ್ತಿರದ ರುಸೈಲ್‌ನಲ್ಲಿ ಇಂಥ ಬೋರ್ಡು ತಯಾರಿಸುವ ನಮ್ಮ ಪುಟ್ಟ ಕಂಪನಿಯ ಮುಖ್ಯ ಎಂಜಿನಿಯರ್. ನಾವೆಲ್ಲ ಅವರನ್ನು ಚೀಫ್ ಎನ್ನುತ್ತಿದ್ದೆವು.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಅವರೇ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಮದುವೆಯಾಗಿ, ಗಂಡನ ಜೊತೆ ಮಸ್ಕತ್‌ಗೆ ಬಂದು, ಎಂಟು ವರ್ಷ ಮಗಳ ಟಿಫಿನ್ ಡಬ್ಬಿ ಕಟ್ಟಿಕೊಂಡಿದ್ದವಳು ನಾನು. ಅಲ್ಲಿನ ರೂವಿ ಪೇಟೆಯಲ್ಲಿ ಅರ್ಜಿ ಹಿಡಿದು ಹೋದ ಕಡೆಯೆಲ್ಲ "ಇಷ್ಟು ವರ್ಷ ಏನು ಮಾಡ್ತಿದ್ರಿ?" ಎಂಬ ಪ್ರಶ್ನೆ. ಚೀಫ್ ಮಾತ್ರ ಅರ್ಜಿಯನ್ನು ಮಗುಚಿಟ್ಟು ಕೈಗೆ ಸೋಲ್ಡರಿಂಗ್ ಐರನ್ ಕೊಟ್ಟರು. ನಾಲ್ಕು ಬೆಸುಗೆ ಹಾಳು ಮಾಡಿದೆ. ಐದನೆಯದು ಸರಿಬಂತು. "ನಾಳೆ ಬಾ ಮಾರಾಯ್ತಿ. ಕೈಗೆ ಎಲ್ಲ ನೆನಪುಂಟು, ನಿಂಗೇ ಮರ್ತುಹೋದದ್ದು" ಎಂದರು. ಅವತ್ತು ಬಸ್ಸಿನಲ್ಲಿ ಮನೆತನಕ ಅಳುತ್ತಲೇ ಬಂದೆ.

ನಮ್ಮ ಬೋರ್ಡುಗಳಿಗೆಲ್ಲ ಮೀನಿನ ಹೆಸರು. ದೀಪ ಹಚ್ಚಿ ಆರಿಸುವ ಚಿಕ್ಕದು ಬೂತಾಯಿ. ಪಂಪಿಗೆ, ಕೋಲ್ಡ್ ಸ್ಟೋರೇಜಿಗೆ ಹಾಕುವ ಮಧ್ಯಮ ಗಾತ್ರದ್ದು ಬಂಗುಡೆ. ಕಾರ್ಖಾನೆಯ ದೊಡ್ಡ ಮೋಟರಿಗೆ ಅಂಜಲ್. "ನಂಬರ್ ಯಾರಿಗೆ ನೆನಪಿರ್ತದೆ? ಮೀನಾದ್ರೆ ಹೆಸರು ಹೇಳಿದ ಕೂಡ್ಲೇ ಗಾತ್ರ ಕಣ್ಣಿಗೆ ಬರ್ತದೆ" ಎಂಬುದು ಅವರ ವಾದ. ಒಮಾನಿ ಗಿರಾಕಿಗಳು ಇವೆಲ್ಲ ಇಟಲಿಯ ಹೆಸರುಗಳೆಂದುಕೊಂಡಿದ್ದರಂತೆ. ಮೀನಿನ ಅಂಗಡಿ ಕಂಡರೆ ರಸ್ತೆ ದಾಟುವ ಮನೆಯಿಂದ ಬಂದ ನಾನು ದಿನವಿಡೀ ಬಂಗುಡೆ, ಬಂಗುಡೆ ಎಂದು ಜಪಿಸುತ್ತಿದ್ದೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ "ಶಿವಶಿವಾ, ಇನ್ನೇನೂ ಸಿಗ್ಲಿಲ್ವೇನೇ ಅವರಿಗೆ?" ಎಂದಳು.

ಹೆಸರಿನ ಪಕ್ಕದಲ್ಲೊಂದು ಇಂಗ್ಲಿಷ್ ಅಕ್ಷರ ಇರುತ್ತಿತ್ತು. ಮೊದಲ ಬೋರ್ಡು ಎ. ಅದರಲ್ಲಿ ತಪ್ಪು ಸಿಕ್ಕಿ ತಿದ್ದಿದರೆ ಬಿ. ಮತ್ತೆ ತಿದ್ದಿದರೆ ಸಿ. ಬೇರೆ ಕಂಪನಿಗಳು ಇದನ್ನು ಯಾವುದೋ ಸಂಕೇತದಲ್ಲಿ ಅಡಗಿಸುತ್ತವೆ. ಚೀಫ್ ಅದನ್ನು ಹೆಸರಿನಷ್ಟೇ ದಪ್ಪಕ್ಕೆ ಅಚ್ಚು ಹಾಕಿಸುತ್ತಿದ್ದರು. "ಸಿ ಅಂದ್ರೆ ಎರಡು ಸಲ ಬಿದ್ದು ಎದ್ದದ್ದು ಅಂತ. ನಾಚಿಕೆ ಎಂತಕ್ಕೆ? ಗಿರಾಕಿಗೆ ಗೊತ್ತಾಗ್ಲಿ" ಎನ್ನುತ್ತಿದ್ದರು. ನಾನು ಕರಗಿಹೋದದ್ದು ಆ ಮಾತಿಗೆ. ಶುಕ್ರವಾರ ಊಟಕ್ಕೆ ಅವರ ಮನೆಗೆ ಹೋದರೆ ಆಂಟಿ, ಅಂದರೆ ಅವರ ಹೆಂಡತಿ, ನನಗಾಗಿ ಬೇರೆ ಕಾವಲಿಯಲ್ಲೇ ನೀರುದೋಸೆ ಹುಯ್ಯುತ್ತಿದ್ದರು. ಪರದೇಶದಲ್ಲಿ ನನಗೊಂದು ತವರು ಸಿಕ್ಕಿತೆಂದೇ ನಂಬಿದ್ದೆ.

ನಾಲ್ಕನೆಯ ಬೇಸಿಗೆಯಲ್ಲಿ, ಒಮಾನಿನ ಉತ್ತರ ತುದಿಯ ಖಸಬ್‌ನ ಒಂದು ಮೀನಿನ ಕೋಲ್ಡ್ ಸ್ಟೋರೇಜ್‌ನಲ್ಲಿ ಬಂಗುಡೆ-ಸಿ ಸುಟ್ಟುಹೋಯಿತು. ಅಲ್ಲಿನ ಮ್ಯಾನೇಜರ್ ಉಳ್ಳಾಲದ ಬ್ಯಾರಿ. ಕೋಣೆ ತುಂಬ ಇದ್ದ ಮೀನು ಕೊಳೆತು ಆ ಮನುಷ್ಯನ ಕೆಲಸಕ್ಕೇ ಸಂಚಕಾರ ಬಂದಿತ್ತು. ರಿಲೇ ಪಕ್ಕದ ತಾಮ್ರದ ಗೆರೆ ತೀರಾ ಸಪೂರ, ಸೆಖೆಗೆ ತಡೆಯುವುದಿಲ್ಲ ಎಂದು ಕಂಡುಹಿಡಿದವಳು ನಾನು. ಹದಿನೈದು ದಿನ ಕೂತು ಇಡೀ ನಕ್ಷೆಯನ್ನೇ ಹೊಸದಾಗಿ ಬರೆದೆ. ಚೀಫ್ ನೋಡಿ, "ಇದು ಡಿ ಅಲ್ಲ, ಹೊಸ ಬೋರ್ಡೇ. ಹೆಸರು ನೀನೇ ಇಡು" ಎಂದರು. ಅಲ್ಲಿಯವರೆಗೆ ಬೇರೆ ಯಾರಿಗೂ ಹೆಸರಿಡಲು ಬಿಟ್ಟವರಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ. ಕಂಡಕಂಡವರನ್ನೆಲ್ಲ ಮೀನಿನ ಹೆಸರು ಕೇಳಿ ಕೊನೆಗೆ ಮಾಂಜಿ ಎಂದಿಟ್ಟೆ.

ಎರಡು ಮಾಂಜಿಗಳನ್ನು ನಾನೇ ಪರೀಕ್ಷೆ ಮಾಡಿ ರಜೆಗೆ ಊರಿಗೆ ಹೊರಟೆ. ಉಳಿದವು ನಾನಿಲ್ಲದಾಗ ತಯಾರಾಗಿ ಗಿರಾಕಿಗಳನ್ನು ಸೇರಿದವು. ಖಸಬ್‌ನ ಮ್ಯಾನೇಜರ್ ಅನುಮಾನದಿಂದ ಫೋನ್ ಮಾಡಿದಾಗ, "ಧೈರ್ಯವಾಗಿ ಹಾಕಿಸಿ, ಇದು ನಾನು ಮಾಡಿದ ಬೋರ್ಡು" ಎಂದು ಮಾತು ಕೊಟ್ಟೆ. ನಾನು ರಜೆ ಮುಗಿಸಿ ಬರುವಷ್ಟರಲ್ಲಿ ಅಲ್ಲಿನ ಮಾಂಜಿಯೂ ಸುಟ್ಟುಹೋಗಿತ್ತು.

ವಿಮಾನ ಹತ್ತಿ ಖಸಬ್‌ಗೆ ಓಡಿದೆ. ಆ ಮ್ಯಾನೇಜರ್ ಬೈಯಲಿಲ್ಲ. ಬೋರ್ಡನ್ನು ಮೇಜಿನ ಮೇಲಿಟ್ಟು, ಮಾಂಜಿ ಎಂದಿದ್ದ ಜಾಗವನ್ನು ಉಗುರಿನಿಂದ ಕೆರೆದರು. ಹೆಸರು ಸಿಪ್ಪೆಯಂತೆ ಎದ್ದುಬಂತು. ಅದು ಸ್ಟಿಕ್ಕರ್. ಅಡಿಯಲ್ಲಿ ಬಂಗುಡೆ-ಸಿ.

"ನಿಮ್ಮ ಮಾತು ನಂಬಿ ಹಾಕಿಸಿದ್ದು ಮೇಡಮ್" ಎಂದರು. "ನನ್ನ ಕೆಲಸ ಖಲಾಸ್. ಮುಂದಿನ ವಾರ ಊರಿಗೆ."

ಬೋರ್ಡನ್ನು ಚೀಲಕ್ಕೆ ಹಾಕಿಕೊಂಡೆ. ಆ ಮನುಷ್ಯನ ಮುಖ ನೋಡಲಾಗದೆ ಎದ್ದು ಬಂದೆ. ರುಸೈಲ್‌ಗೆ ಬಂದವಳೇ ಆ ಬೋರ್ಡನ್ನು ಚೀಫ್ ಮುಂದೆ ಕುಕ್ಕಿದೆ. ಅವರು ತಲೆ ಎತ್ತಲಿಲ್ಲ.

"ಹಳೇ ಬೋರ್ಡು ರಾಶಿ ಉಂಟಲ್ಲ. ನಮ್ಮ ಯಜಮಾನ, ಆ ಕಫೀಲ್, ಬಿಸಾಡ್ಲಿಕ್ಕೆ ಬಿಡ್ಲಿಲ್ಲ."

"ಮತ್ತೆ ನನ್ನ ಹತ್ರ ಯಾಕೆ ಹೆಸರಿಡಿಸಿದ್ರಿ ಚೀಫ್?"

ಅವರು ಬೋರ್ಡನ್ನು ಮಗುಚಿಟ್ಟರು. "ಹೊಸ ಡಿಸೈನ್, ಅವಳದ್ದು, ಏನೋ ಹೆಚ್ಚುಕಮ್ಮಿ ಆಗಿರ್ಬೇಕು ಅಂತ ಖಸಬ್‌ನ ಮಾಲೀಕರಿಗೆ ಹೇಳಿದ್ದೇನೆ. ನಿಂಗೆಂತ ಆಗುದಿಲ್ಲ ಮಾರಾಯ್ತಿ. ನೀನು ಚಿಕ್ಕವಳು ಅಂತ ಬಿಟ್ಟುಬಿಡ್ತಾರೆ. ನಂಗೆ ಈ ವಯಸ್ಸಲ್ಲಿ ಬೇರೆ ಯಾರು ಕೆಲಸ ಕೊಡ್ತಾರೆ?"

ಮೋಸಕ್ಕೆ ಬೇರೆ ಹೆಸರು ಹುಡುಕಲು ನನಗೆ ಬರುವುದಿಲ್ಲ. ಪ್ರೀತಿಯಿಂದ ಕೊಟ್ಟರೆಂದು ನಾನು ತಲೆಮೇಲೆ ಹೊತ್ತುಕೊಂಡ ಗೌರವ, ಮುಂದೆ ತಪ್ಪನ್ನು ನನ್ನ ತಲೆಗೇ ಕಟ್ಟಲು ಅವರು ಮಾಡಿಕೊಂಡಿದ್ದ ಏರ್ಪಾಡು. ಅದೇ ಮೇಜಿನ ಮುಂದೆ ಕೂತು, ಮಾಂಜಿ ತೆಗೆದುಕೊಂಡಿದ್ದ ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿದೆ. "ಹೆಸರು ಕೆರೆದು ನೋಡಿ. ಅಡಿಯಲ್ಲಿ ಬೇರೆ ಹೆಸರಿದ್ದರೆ ಇವತ್ತೇ ಕಿತ್ತುಹಾಕಿ" ಎಂದೆ. ಚೀಫ್ ಎದುರಿಗೇ ಕೂತು ಎಲ್ಲ ಕೇಳಿಸಿಕೊಂಡರು. ನನ್ನನ್ನು ತಡೆಯಲಿಲ್ಲ, ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಮರುದಿನ ನಾನು ಕೆಲಸ ಬಿಟ್ಟೆ. ಆ ವರ್ಷವೇ ಅವರನ್ನೂ ಕಳಿಸಿದರಂತೆ. ಮಸ್ಕತ್‌ನಲ್ಲೇ ಮಗನ ಮನೆಯಲ್ಲಿದ್ದಾರೆಂದು ಕೇಳಿದ್ದೆ. ಹೋಗಲಿಲ್ಲ. ಅವರ ಫೋನಿಗಾಗಿ ಮಾತ್ರ ಕಾದೆ, ಸುಳ್ಳೇಕೆ ಹೇಳಲಿ. ಬೋರ್ಡಿನ ಮೇಲೆ ತಪ್ಪು ಒಪ್ಪಿಕೊಳ್ಳುತ್ತಿದ್ದ ಮನುಷ್ಯ ನನ್ನ ಹತ್ತಿರ ಒಪ್ಪಿಕೊಳ್ಳಲಾರರೇ ಎಂದು.

ಈ ವರ್ಷ ಅವರು ತೀರಿಕೊಂಡರು. ಈಗ ಇನ್ನೊಂದು ಕಂಪನಿಯಲ್ಲಿ ನಾನು ತಿನ್ನುವ ಅನ್ನ ಅವರು ಕಲಿಸಿದ ವಿದ್ಯೆಯದು. ಅದಕ್ಕೇ ರೂವಿಯ ಚರ್ಚ್‌ನಲ್ಲಿ ಅವರಿಗಾಗಿ ಪ್ರಾರ್ಥನೆ ಇದ್ದಾಗ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮುಗಿದ ಮೇಲೆ ಆಂಟಿ ನನ್ನನ್ನು ಗುರುತಿಸಿ ಎರಡೂ ಕೈ ಹಿಡಿದುಕೊಂಡರು. ಅವರಿಗೆ ಏನೂ ಗೊತ್ತಿರಲಿಲ್ಲ.

"ನಿನ್ನನ್ನು ಮಗಳು ಅಂತಲೇ ಹೇಳ್ತಿದ್ರು. ಆಮೇಲೆ ನೀನು ಮನೆಗೆ ಬರ್ಲೇ ಇಲ್ಲ ಅಲ್ವಾ? ಎಂತ ಆಯ್ತು ಮಗಾ?"



"ಏನೂ ಇಲ್ಲ ಆಂಟಿ, ಕೆಲಸ ಜಾಸ್ತಿ ಇತ್ತು. ಚೀಫ್ ನನಗೆ ಯಾವತ್ತೂ ಏನೂ ಕಡಿಮೆ ಮಾಡಲಿಲ್ಲ" ಎಂದೆ.

ಖಸಬ್‌ನ ಮ್ಯಾನೇಜರ್‌ಗೆ ಚೀಫ್ ಅವರ ಸುಳ್ಳನ್ನು ಗೊತ್ತಿಲ್ಲದೆ ಹೇಳಿದ್ದೆ. ಇದನ್ನು ಗೊತ್ತಿದ್ದೇ ಹೇಳಿದೆ.