ಅಜ್ಜಿ ಸುರಿದ ಎಲಚಿ ಹಣ್ಣು

ಬೆಳಿಗ್ಗೆ ತಳ್ಳುಗಾಡಿಯಲ್ಲಿದ್ದ ಎಲಚಿ ಹಣ್ಣಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಲಕ್ಷ್ಮೀಪುರಂನ ನಮ್ಮ ಹಳೇ ಮನೆಯ ಹಜಾರಕ್ಕೆ ಹೋಗಿಬಿಟ್ಟೆ.

ಸಂಕ್ರಾಂತಿ ಸಂಜೆ ಐದು ವರ್ಷದೊಳಗಿನ ಮಕ್ಕಳನ್ನು ಮಣೆ ಮೇಲೆ ಕೂರಿಸಿ, ದೃಷ್ಟಿ ತಾಗದಿರಲಿ ಅಂತ ಅಜ್ಜಿ ಎಲಚಿ ಹಣ್ಣು, ಕಬ್ಬಿನ ಚೂರು ಬೆರೆಸಿ ತಲೆ ಮೇಲೆ ಸುರಿಯೋರು. ಉರುಳಿದ್ದನ್ನು ಆಯೋಕೆ ಮಿಕ್ಕ ಮಕ್ಕಳು ಮಂಚದ ಕೆಳಗೂ ನುಗ್ಗುತ್ತಿದ್ದವು. ಅದನ್ನು ನೋಡಿ ಅಜ್ಜಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

ನನಗೆ ಐದು ತುಂಬಿದ ವರ್ಷ ಮಣೆ ತಂಗಿಯ ಪಾಲಾಯಿತು. ನಾನು ಮುಖ ಊದಿಸಿಕೊಂಡು ಬಾಗಿಲ ಹಿಂದೆ ನಿಂತೆ.

"ನೀನೂ ಬಾರೋ," ಅಂತ ಅಜ್ಜಿ ಕರೆದರು.

ಆಫೀಸಿಂದ ಆಗಷ್ಟೇ ಬಂದಿದ್ದ ಅಪ್ಪ, "ಅವನಿಗೆ ಐದು ದಾಟ್ತಲ್ಲಮ್ಮ, ಶಾಸ್ತ್ರ ಇಲ್ಲ," ಅಂದರು.

"ಸುರಿಯೋಳು ನಾನು ಕಣೋ. ನೀನೂ ಕೂತ್ಕೋ!"

ಅಪ್ಪನ ಇಸ್ತ್ರಿ ಶರ್ಟಿನ ಮೇಲೂ ಒಂದು ಬೊಗಸೆ ಬಿತ್ತು. ಅಪ್ಪ ಗೊಣಗುತ್ತಲೇ ಜೇಬಿಗೆ ಬಿದ್ದ ಹಣ್ಣು ತೆಗೆದು ತಿಂದರು.

ಇವತ್ತು ಸಂಜೆ ನನ್ನ ಮಗಳಿಗೆ ನಮ್ಮಮ್ಮ ಹಣ್ಣು ಎರೆದರು. ಪಾತ್ರೆ ಖಾಲಿಯಾಗೋ ಮುಂಚೆ ಅಪ್ಪ ಮಂಡಿ ಹಿಡಿದುಕೊಂಡು ಮೆಲ್ಲಗೆ ಮಣೆ ಪಕ್ಕ ಕೂತು, ಬೋಳು ತಲೆ ಬಗ್ಗಿಸಿದರು.

"ನಂಗೂ ಒಂದು ಬೊಗಸೆ ಹಾಕೇ."