ವಿಮಾನದ ಹೊಟ್ಟೆಯಲ್ಲಿಟ್ಟ ಕೌದಿ

ಮೊನ್ನೆ, ಮಕ್ಕಳೇ, ನಿಮ್ಮಲ್ಲಿ ಯಾರದೋ ಫೋನು ಚಾರ್ಜಿಗೆ ಹಾಕಿದಲ್ಲೇ ಹೊದಿಕೆಯ ಕೆಳಗೆ ಸಿಕ್ಕಿಕೊಂಡಿತ್ತು. ಎತ್ತಿದರೆ ಕಾದ ಪ್ಲಾಸ್ಟಿಕ್ಕು, ಬಿಸಿಯಾದ ಹತ್ತಿಬಟ್ಟೆ, ಎರಡರ ವಾಸನೆಯೂ ಒಟ್ಟಿಗೆ ಬಂತು. ನಿಮ್ಮನ್ನು ಬೈದೆ. ಬೈದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಆ ವಾಸನೆ ನನ್ನ ಮೂಗಿಗೆ ಮೊದಲು ಬಡಿದದ್ದು ಎದುರು ಮನೆಯ ಅಣ್ಣನ ವಿಮಾನದಲ್ಲಿ...

ಸನತ್‌ನಗರದಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಧಾರವಾಡದ ಕಡೆಯವರು. ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಬ್ಯಾಟರಿಯಿಂದ ಹಾರುವ ಪುಟ್ಟ ವಿಮಾನವೊಂದನ್ನು ತಾವೇ ಮಾಡಿ, ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿಗೆ ಒಯ್ದು ಹಾರಿಸುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ವರ್ಷ ಅದು. ಮನೆಯೊಳಗೆ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ. ಅದನ್ನು ಕಂಡ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ನನ್ನನ್ನೂ ಬಯಲಿಗೆ ಎಳೆದುಕೊಂಡು ಹೋಗುತ್ತಿದ್ದರು.

ಇಳಿಯುವಾಗ ಒಳಗೆ ಬ್ಯಾಟರಿ ಕುಲುಕುತ್ತದೆ ಎಂದು ಅಣ್ಣ ಒಮ್ಮೆ ಗೊಣಗಿದರು. ನಾನು ಅಂಗೈಯಗಲದ ಕೌದಿಯೊಂದನ್ನು ಹೊಲಿದು ಅಕ್ಕನ ಕೈಲಿ ಕೊಟ್ಟೆ. ಮೇಲೆ ನಿಮ್ಮ ಅಜ್ಜನ ನೀಲಿ ಅಂಗಿಯ ತುಂಡು, ಒಳಗೆ ಹಳೆ ಸೀರೆ. ಕೂಸಿಗೆ ಸುತ್ತಿದ ಹಾಗೆ ಸುತ್ತಿ ಅಣ್ಣ ಬ್ಯಾಟರಿಯನ್ನು ಒಳಗಿಟ್ಟರು. ಆ ಅಂಗಿ ಮುಗಿಲಿಗೆ ಏರಿದ್ದನ್ನು ನೋಡಿ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಅವತ್ತಿನಿಂದಲೇ ತೊಂದರೆ. ಮೂರು ನಿಮಿಷ ಹಾರುವಷ್ಟರಲ್ಲಿ ಮೋಟಾರು ನಿಂತುಬಿಡುವುದು. ವಿಮಾನ ಸದ್ದಿಲ್ಲದೆ ತೇಲುತ್ತ ಬಂದು ಹುಲ್ಲಿಗೆ ಮೂಗು ಬಡಿಯುವುದು. ತುಸು ಹೊತ್ತು ಬಿಟ್ಟರೆ ಮತ್ತೆ ಸರಿ. ಒಳಗೇನೋ ಕಾದು ತಾನೇ ಕರೆಂಟು ಕಡಿಯುತ್ತಿದೆ ಎಂದರು ಅಣ್ಣ. ಮುಂದಿನ ಫ್ಯಾನು ತೆಗೆದು ಚಿಕ್ಕದು ಹಾಕಿದರು. ತಂತಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಬೆಸೆದರು. ಮನೆಯಲ್ಲಿ ಮುಚ್ಚಳ ತೆರೆದು, ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಓಡಿಸಿದರೆ ಹತ್ತು ನಿಮಿಷವಾದರೂ ನಿಲ್ಲುತ್ತಿರಲಿಲ್ಲ. ಬಯಲಿಗೆ ಹೋದರೆ ಮತ್ತೆ ಅದೇ. ಎಲ್ಲವನ್ನೂ ಅನುಮಾನಿಸಿದವರು ತಂಗಿಯಂತಿದ್ದ ನಾನು ಕೊಟ್ಟದ್ದೆಂದು ಕೌದಿಯನ್ನು ಮಾತ್ರ ಬಿಟ್ಟರು.

ಎರಡನೆಯ ಭಾನುವಾರ ವಿಮಾನ ಬಿದ್ದದ್ದು ನನ್ನ ಹತ್ತಿರ. ಮುಚ್ಚಳ ಸರಿಸಿ ಬೆರಳಿಟ್ಟೆ. ಕೌದಿ ಜ್ವರದ ಹಣೆಯಂತೆ ಸುಡುತ್ತಿತ್ತು, ಅದೇ ವಾಸನೆ ಬಂತು; ಗಾಳಿ ಬರಲೆಂದು ಅಣ್ಣ ಕೊರೆದಿದ್ದ ಕಿಂಡಿಗೆ ಅದರ ಅಂಚು ಒತ್ತಿಕೊಂಡಿತ್ತು. ನನಗೆ ತಿಳಿಯಿತು. ಹೇಳಲಿಲ್ಲ. ಹಳ್ಳಿ ಶಾಲೆಯ ಏಳನೇ ಇಯತ್ತೆ ಓದಿದವಳು, ಯಂತ್ರದ ವಿಷಯ ಅವರಿಗೇನು ಹೇಳುವುದು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ... ಆ ಅಂಗಿ ಕೆಳಗಿಳಿಯುವುದು ನನಗೆ ಬೇಡವಾಗಿತ್ತು.

ಇನ್ನೂ ಮೂರು ಭಾನುವಾರ ಹಾಗೆಯೇ ಹೋದವು. ಮೂರನೆಯದು ಕಳೆದ ವಾರವೇ, ಶನಿವಾರ ಸಂಜೆ ಅಕ್ಕ ಬಂದು, ಅವರು ವಿಮಾನವನ್ನೂ ಉಪಕರಣಗಳನ್ನೂ ಗುಜರಿಯವನಿಗೆ ಕೊಡಲು ಚೀಲ ತುಂಬುತ್ತಿದ್ದಾರೆ, ಕೈಯ ಕಸುಬು ಹೋಯಿತೆಂದು ಚಹದ ಕಪ್ಪು ಹಿಡಿದರೂ ತಮ್ಮ ಕೈಯನ್ನೇ ನೋಡುತ್ತಾರೆ ಎಂದರು. ಚಪ್ಪಲಿ ಮೆಟ್ಟದೆ ಹೋದೆ. ಅದುವರೆಗೆ ಅವರೊಡನೆ ನೇರ ಮಾತಾಡಿದವಳಲ್ಲ.

"ಅಣ್ಣಾರ, ಆ ಕೌದಿ ತಗೀರಿ. ಗಾಳಿ ಕಿಂಡಿಗೆ ಅದ ಅಡ್ಡ ಬಂದೈತಿ. ನನಗ ಗೊತ್ತಿತ್ರಿ."

ಅವರು ಚೀಲದಿಂದ ವಿಮಾನ ತೆಗೆದು ಕಿಂಡಿಗೆ ಬೆರಳಿಟ್ಟು ನೋಡಿದರು. ಬೈಯಲಿ ಎಂದು ಕಾದೆ.

"ಹಂಗಾರ ನನ್ನ ಬೆಸುಗಿ ಕೆಟ್ಟಿಲ್ಲೇನ, ತಂಗೆವ್ವಾ?"

"ಇಲ್ರಿ."

"ಒಂದ ತಿಂಗಳಿಂದ ನನ್ನ ತಲಿ ತಿಂದ್ರಿ," ಎಂದರು ಅಕ್ಕ. "ಕಾರ್ಖಾನ್ಯಾಗೂ ಹಿಂಗ ಪರೀಕ್ಷಾ ಮಾಡ್ತಿದ್ರೇನು?"

ಅಣ್ಣ ನಕ್ಕರು. ಚೀಲದಿಂದ ಒಂದೊಂದೇ ಉಪಕರಣ ತೆಗೆದು ಮೇಜಿನ ಮೇಲಿಟ್ಟರು.

ಮರುದಿನ ಕೌದಿಯಿಲ್ಲದೆ ವಿಮಾನ ಎಂಟು ನಿಮಿಷ ಹಾರಿ ಅವರ ಕಾಲ ಬಳಿಯೇ ಇಳಿಯಿತು. ಅದರ ಮುಂದಿನ ಭಾನುವಾರವೂ ಹಾರಿಸಿದರು. ಆ ವಾರದಲ್ಲೇ ಎದೆನೋವು ಬಂದು, ಆಸ್ಪತ್ರೆ ತಲುಪುವಷ್ಟರಲ್ಲಿ...

ಭಾನುವಾರ ಬೆಳಿಗ್ಗೆ ಅಜ್ಜಿ ಯಾಕೆ ಮನೆ ತುಂಬ ಓಡಾಡುತ್ತಾಳೆ ಎಂದು ನೀವು ಈಗಲೂ ನಗುತ್ತೀರಿ. ನನಗೆ ತಿಳಿದ ದಿನದಿಂದ ಅವರಿಗೆ ಉಳಿದಿದ್ದದ್ದು ಐದೇ ಭಾನುವಾರ, ಮಕ್ಕಳೇ. ಅದರಲ್ಲಿ ಮೂರನ್ನು ನಾನು ಬಾಯಿ ಮುಚ್ಚಿಕೊಂಡು ಕಳೆದೆ.